ಗೋಡೆಯಾಚೆ ಇಳಿಸಿದ ಹುಳಗಳು

ಹೋದ ವಾರ ಅಂಗಳದಲ್ಲಿ ಉಳ್ಳಾಗಡ್ಡಿ ಚೀಲ ಸುರುವಿಕೊಂಡು ಕೊಳೆತವನ್ನು ಆರಿಸುತ್ತಿದ್ದೆ. ಎದುರಿಗೆ ಮಗಳು ಕುಳಿತಿದ್ದಳು. ಮೇಲೆ ಗಟ್ಟಿಯಾಗಿ ಕಂಡ ಒಂದು ಗಡ್ಡೆ ಬೆರಳು ಒತ್ತಿದೊಡನೆ ಒಳಕ್ಕೆ ಕುಸಿಯಿತು. ನೀರು ಕೈಗೆ ಹತ್ತಿತು, ವಾಸನೆ ಮೂಗಿಗೆ ಬಂತು. ಕೈ ಒರೆಸಿಕೊಳ್ಳುವುದೂ ಮರೆತು ಕುಳಿತೆ... ಅದೇ ವಾಸನೆಯನ್ನು ನಾನು ಐವತ್ತು ವರ್ಷಗಳ ಹಿಂದೆ ಒಂದು ಮುಂಜಾನೆ ಕಂಡಿದ್ದೆ. ಅದು ಉಳ್ಳಾಗಡ್ಡಿಯದಾಗಿರಲಿಲ್ಲ.

ನಾವಾಗ ತಾವರಗೇರಾ ದಾರಿಯ ಒಂದು ಊರಿನಲ್ಲಿದ್ದೆವು. ಊರಿನ ಹೆಸರು ಬೇಡ. ನಮ್ಮ ಯಜಮಾನರು ಅಲ್ಲಿ ಸಾಲೆಯ ಮಾಸ್ತರರು. ನಿಜಾಮರ ರಾಜ್ಯ, ಯುದ್ಧದ ಕಾಲ. ನಮ್ಮ ಹಿತ್ತಿಲಿಗೂ ಸರಕಾರಿ ಬಂಗಲೆಯ ತೋಟಕ್ಕೂ ನಡುವೆ ಎದೆಮಟ್ಟದ ಕಲ್ಲುಗೋಡೆ. ಅದರಾಚೆ ಮಾಲಿಯ ಖೋಲಿ. ಮಾಲಿ ಆ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಖೋಲಿಯಲ್ಲಿ ಉಳಿದವರು ಅವನ ಹೆಂಡತಿ ಮತ್ತು ಕಣ್ಣು ಕಾಣದ ಅವನ ತಾಯಿ. ಮಾಲಿಯ ಹೆಂಡತಿಯನ್ನು ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಹಿಂದಿನ ವರ್ಷ ನನ್ನ ಬಸಿರು ಇಳಿದುಹೋದಾಗ ಗೋಡೆ ಹತ್ತಿ ಬಂದು ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತವಳು ಅವಳು.

ಬಂಗಲೆಯ ಕಡೆ ಗೋಡೆಯ ಬುಡಕ್ಕೇ ಎರಡು ಮಡಿಗಳಲ್ಲಿ ಲಿಲ್ಲಿ ಗಡ್ಡೆಗಳಿದ್ದವು. ವರ್ಷಕ್ಕೊಮ್ಮೆ ಆ ಬಂಗಲೆಗೆ ಬಂದು ಇಳಿಯುತ್ತಿದ್ದ ದೊಡ್ಡ ಸಾಹೇಬರ ಹೆಂಡತಿ ಹೈದರಾಬಾದಿನಿಂದ ಉಸುಕಿನ ಪೆಟ್ಟಿಗೆಯಲ್ಲಿ ತರಿಸಿ ನೆಡಿಸಿದ್ದಂತೆ. ಬಿಳಿ ಹೂವು, ನಡುವೆ ನಸುಗೆಂಪು ಗೆರೆ, ಮಳೆ ಬಿದ್ದ ಮೇಲೆ ಅರಳುತ್ತಿತ್ತು. ಮಾಲಿ ಸತ್ತ ತಿಂಗಳಿಗೆ ಕಚೇರಿಯ ಪೇಶಕಾರ ಬಂದು ಖೋಲಿಯ ಮುಂದೆ ನಿಂತು ಹೇಳಿದ ಮಾತು ನಮ್ಮ ಹಿತ್ತಿಲಿಗೆ ಕೇಳಿಸಿತು.

"ಹೆಂಗಸಿಗೆ ಮಾಲಿ ಕೆಲಸ ಕೊಟ್ಟದ್ದು ನಾ ಎಲ್ಲೂ ಕಂಡಿಲ್ಲವಾ. ಶ್ರಾವಣದಾಗ ದೊಡ್ಡ ಸಾಹೇಬ್ರು ಬರ್ತಾರ. ಹೂವು ಅರಳಿ ನಿಂತಿದ್ರ ನಿನ್ನ ಅರ್ಜಿ ಅವರ ಮುಂದ ಇಡತೀನಿ. ಇಲ್ಲಂದ್ರ ಖೋಲಿ ಖಾಲಿ ಮಾಡು. ಹೊಸ ಮಾಲಿ ಬರಾಂವ ಅದಾನ."

ಚಿಗವ್ವನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಕುರುಡಿಯನ್ನು ಕಟ್ಟಿಕೊಂಡು ಹೋಗಿ ನಿಲ್ಲಲು ಇನ್ನೊಂದು ಬಾಗಿಲು ಇರಲಿಲ್ಲ. ಅಂದಿನಿಂದ ಆ ಎರಡು ಮಡಿಗಳೇ ಅವಳ ಮನೆಯಾದವು.

ಆ ವರ್ಷ ಮೊದಲ ಮಳೆಗಳು ಹುಸಿಹೋಗಿದ್ದವು. ಅಡವಿಯಲ್ಲಿ ತಿನ್ನಲು ಏನೂ ಇಲ್ಲದೆ ಪ್ರಾಣಿಗಳೆಲ್ಲ ಬಾವಿಯ ನೀರು ಬೀಳುತ್ತಿದ್ದ ಆ ತೋಟಕ್ಕೆ ಬಂದವು. ಮೊದಲು ಆಡು. ಸಾಮಾನ್ಯವಾಗಿ ಆ ಎಲೆಗೆ ಬಾಯಿ ಹಾಕದ ಆಡು ಆ ವರ್ಷ ಹಾಕಿತು. ಚಿಗವ್ವ ಜಾಲಿಮುಳ್ಳು ಕಡಿದು ತಂದು ಸುತ್ತ ಬೇಲಿ ಒತ್ತಿದಳು. ಆಮೇಲೆ ಮುಳ್ಳಹಂದಿ. ಒಂದು ಬೆಳಿಗ್ಗೆ ನೋಡಿದರೆ ಬೇಲಿಯ ಕೆಳಗೆ ನೆಲ ಕೆದರಿ ಒಂಬತ್ತು ಗಡ್ಡೆ ತಿಂದು ಹೋಗಿತ್ತು. ಅವಳು ಅಳಲಿಲ್ಲ. ಒಡೆದ ಹಂಚು, ಗಡಿಗೆಯ ಚೂರು ಮನೆಮನೆ ತಿರುಗಿ ತಂದು, ಮೊಳದಾಳದ ಕಾಲುವೆ ತೋಡಿ, ಸುತ್ತಲೂ ಹೂಳಿದಳು.

"ಸೊಸಿ ಕ್ವಾಟಿ ಕಟ್ಯಾಳ ನೋಡವಾ," ಎಂದು ಮುದುಕಿ ನನಗೆ ಕೇಳುವಂತೆ ಅನ್ನುತ್ತಿದ್ದಳು. "ಒಳಗ ರಾಜಾ ಇಲ್ಲ, ರಾಣಿ ಇಲ್ಲ. ಗಡ್ಡಿ ಅದಾವ."

"ಸುಮ್ಮನ ಕುಂದರ್ರಿ ಅತ್ತಿ. ಹೂವು ಅರಳಿದಾಗ ನಿಮಗ ತೋರಸಂಗಿಲ್ಲ."

"ಕಣ್ಣಿಲ್ಲದಾಕಿಗೆ ಏನ ತೋರಸ್ತಿ? ಮೂಗು ಐತಿ ನನಗ. ನಿನಗಿಂತ ಮೊದಲ ನನಗ ಗೊತ್ತಾಕ್ಕತಿ."

ಕೊನೆಗೆ ಹುಳ ಬಂತು. ಕಿರುಬೆರಳಿನಷ್ಟು ಉದ್ದ, ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆ. ಎಲೆ ತಿಂದು, ದಂಟು ಕೊರೆದು, ಒಳಗಿಂದೊಳಗೇ ಗಡ್ಡೆಗೆ ಇಳಿಯುವ ಜಾತಿ. ಬೂದಿ ಎರಚಿದಳು, ಬೇವಿನ ಬೀಜ ಕುಟ್ಟಿ ನೆನೆಸಿದ ನೀರು ಹೊಯ್ದಳು. ಸಾಲದಾಯಿತು. ಹೊತ್ತು ಮೂಡುವ ಮೊದಲೇ ಕುಳಿತು ಒಂದೊಂದನ್ನೇ ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿಯಲ್ಲಿ ನೀರು, ಮೇಲೆ ಒಂದು ಚಮಚ ಚಿಮಣಿ ಎಣ್ಣೆ. ರೇಷನ್ನಿನ ಎಣ್ಣೆ ಅದು. ಅದಕ್ಕಾಗಿ ಆ ಎರಡು ತಿಂಗಳು ಅವರ ಖೋಲಿಯಲ್ಲಿ ದೀಪ ಹಚ್ಚಲಿಲ್ಲ. ಶ್ರಾವಣ ಹುಟ್ಟುವ ಹೊತ್ತಿಗೆ ಮೂವತ್ತೊಂದು ಗಡ್ಡೆ ಉಳಿದಿದ್ದವು. ಹದಿನಾಲ್ಕಕ್ಕೆ ಮೊಗ್ಗಿನ ದಂಟು ಎದ್ದಿತ್ತು.

ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದು ಅವಳ ಬಲಗೈ ಬಾತಿತ್ತು. ಶ್ರಾವಣದ ಮೊದಲ ಸೋಮವಾರ ಬೆಳಕು ಹರಿಯುವಾಗ ಗೋಡೆಯ ಮೇಲೆ ಆ ಕೈ ಇಟ್ಟು ಕರೆದಳು. ಮೊಣಕೈವರೆಗೆ ಕೆಂಪೇರಿತ್ತು.

"ದವಾಖಾನಿಗೆ ಹೋಗಿ ಕೊಯ್ಸಿಕೊಂಡು ಬರ್ತೀನಿ ಮಗಳ. ಇವತ್ತ ಒಂದಿನ ಹುಳ ನೀ ಆರಸು. ಡಬ್ಬಿ ಅಲ್ಲೇ ಐತಿ. ಒಂದೂ ಬಿಡಬ್ಯಾಡ. ಬಿಟ್ರ ಗಡ್ಡಿಗೆ ಇಳೀತಾವ."

"ಹೋಗಿ ಬಾ ಚಿಗವ್ವ," ಎಂದೆ.

ಇಲ್ಲಿ ನಿಧಾನವಾಗಿ ಬರೆಯಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಶ್ರಾವಣ ಸೋಮವಾರವೆಂದರೆ ಇನ್ನೂ ಬಿಗಿ ನೇಮ. ನಾನು ಆ ವರ್ಷ ಮಗುವಿಗಾಗಿ ಹರಕೆ ಹೊತ್ತಿದ್ದೆ. ಶ್ರಾವಣದ ಸೋಮವಾರಗಳಲ್ಲಿ ನೀರು ಬಿಟ್ಟು ಏನೂ ತೆಗೆದುಕೊಳ್ಳುವುದಿಲ್ಲ, ನನ್ನ ಕೈಯಿಂದ ಇರುವೆಯ ಜೀವವೂ ಹೋಗಬಾರದು ಎಂದು. ಹರಕೆ ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲ ಎಂದು ಕೇಳಿ ಬೆಳೆದವಳು. ಆದ್ದರಿಂದ ಚಿಗವ್ವನಿಗೂ ಹೇಳಿರಲಿಲ್ಲ.

ಹುಳಗಳನ್ನು ಆರಿಸಿದೆ. ಅದರಲ್ಲಿ ಮೋಸ ಮಾಡಲಿಲ್ಲ. ಪ್ರತಿ ಎಲೆ ತಿರುವಿ ನೋಡಿದೆ. ಇಪ್ಪತ್ತೆಂಟು ಸಿಕ್ಕವು. ಮೊರದಲ್ಲಿ ಹಾಕಿಕೊಂಡು ಡಬ್ಬಿಯ ಮುಂದೆ ನಿಂತೆ. ಎಣ್ಣೆಯ ಮೇಲೆ ಬಣ್ಣ ಬಣ್ಣದ ಗೆರೆ ತೇಲುತ್ತಿತ್ತು... ಕೈ ಬರಲಿಲ್ಲ. ಗೋಡೆ ದಾಟಿ ನಮ್ಮ ಹಿತ್ತಿಲಿಗೆ ಬಂದು, ಗೋಡೆಯ ಪಕ್ಕದ ಕಣಗಿಲ ಗಿಡದ ಕೆಳಗೆ ಅವನ್ನು ಮೆಲ್ಲಗೆ ಇಳಿಸಿದೆ. ಊರಾಚೆಯ ಹಳ್ಳದವರೆಗೆ ಒಯ್ಯಬಹುದಿತ್ತು. ಉಪವಾಸ, ಬಿಸಿಲು ಏರುತ್ತಿತ್ತು, ಹೋಗಲಿಲ್ಲ. ಆಡಿಗೆ, ಮುಳ್ಳಹಂದಿಗೆ ಬೇಲಿ, ಹಂಚು ಅಡ್ಡವಾದಂತೆ ಹುಳಕ್ಕೆ ಗೋಡೆ ಅಡ್ಡವಾಗುತ್ತದೆ ಎಂದುಕೊಂಡಿದ್ದೆ.

ಚಿಗವ್ವ ಸಂಜೆ ಬಂದಳು. ಜ್ವರದಿಂದ ಎರಡು ದಿನ ಏಳಲಿಲ್ಲ. ಮಂಗಳವಾರ, ಬುಧವಾರ ನಾನೇ ಆರಿಸಿದೆ, ಎಣ್ಣೆಯ ಡಬ್ಬಿಗೇ ಹಾಕಿದೆ. ಮಂಗಳವಾರ ನಾಲ್ಕು, ಬುಧವಾರ ಎರಡೇ ಸಿಕ್ಕವು. ಹುಳ ಕಡಿಮೆಯಾಗಿದೆ ಎಂದು ಅವಳಿಗೆ ಸಂತೋಷದಿಂದ ಹೇಳಿದೆ. ನಾನು ಬಿಟ್ಟ ಹುಳಗಳು ಅಷ್ಟರಲ್ಲೇ ಗೋಡೆಯ ಕಲ್ಲಿನ ಸಂದಿಯಲ್ಲಿ ಹಾದು ಬಂದು ದಂಟಿನ ಒಳಗೆ ಇಳಿದಾಗಿತ್ತು.

ಶನಿವಾರ ಮುಂಜಾನೆ ಮುದುಕಿಯ ದನಿ ಕೇಳಿಸಿತು. "ಯಾರ ಮನ್ಯಾಗ ಉಳ್ಳಾಗಡ್ಡಿ ಕೊಳತೈತಿ?"

ನಾನು ಗೋಡೆಯ ಹತ್ತಿರ ಹೋದೆ. ಚಿಗವ್ವ ಎಡಗೈಯಿಂದ ಒಂದು ಮೊಗ್ಗಿನ ದಂಟು ಮುಟ್ಟಿದಳು. ಅದು ಹಾಗೇ ಕಿತ್ತು ಕೈಗೆ ಬಂತು. ಬುಡ ಲೋಳೆಯಾಗಿತ್ತು. ಇನ್ನೊಂದು ಮುಟ್ಟಿದಳು. ಮತ್ತೊಂದು. ಮಣ್ಣು ಬಗೆದು ಗಡ್ಡೆ ಹಿಸುಕಿದರೆ ಒಳಗೆ ಆ ಕಪ್ಪು ಮೈ ಹೊರಳುತ್ತಿತ್ತು. ಹದಿನಾಲ್ಕರಲ್ಲಿ ಒಂದು ಮೊಗ್ಗೂ ಉಳಿಯಲಿಲ್ಲ. ಅವಳು ಆ ದಂಟುಗಳನ್ನು ಮತ್ತೆ ಮಣ್ಣಿಗೆ ಚುಚ್ಚಿ ನಿಲ್ಲಿಸಲು ನೋಡುತ್ತಿದ್ದಳು. ಬೀಳುತ್ತಿದ್ದವು, ಮತ್ತೆ ಚುಚ್ಚುತ್ತಿದ್ದಳು... ಮುದುಕಿ ಒಳಗಿಂದ ಕೇಳುತ್ತಲೇ ಇದ್ದಳು, "ಏನದು? ಏನದು ಅಂತೀನಿ?"

ಮುಂದಿನ ದಿನಗಳಲ್ಲಿ ಚಿಗವ್ವ ಒಮ್ಮೆ ಮಾತ್ರ ನನ್ನನ್ನು ಕೇಳಿದಳು.

"ಸೋಮಾರ ಎಷ್ಟ ಸಿಕ್ಕಿದ್ವು ಮಗಳ?"

"ಇಪ್ಪತ್ತೆಂಟು."

"ಎಲ್ಲಾ ಡಬ್ಬ್ಯಾಗ ಹಾಕಿದೇನು?"

"ಹೂಂ," ಎಂದೆ.

"ಹಂಗಾದ್ರ ನನ್ನ ಕಣ್ಣ ತಪ್ಪಿರಬೇಕು," ಎಂದು ತನ್ನ ಕಟ್ಟು ಕಟ್ಟಿದ ಕೈ ನೋಡಿಕೊಂಡಳು. "ಮೊದಲ ಇಳದಿದ್ವು ಕಾಣಸ್ತದ."

ದೊಡ್ಡ ಸಾಹೇಬರು ಗುರುವಾರ ಬಂದರು. ಚಿಗವ್ವ ಮಡಿಯ ಪಕ್ಕ ಸೆರಗು ಹೊದ್ದು ನಿಂತಿದ್ದಳು. ಸಾಹೇಬರು ದೂರದಿಂದಲೇ ಆ ಮೋಟು ಎಲೆಗಳನ್ನು ನೋಡಿ ಉರ್ದುವಿನಲ್ಲಿ ಏನೋ ಅಂದರು. ಸುತ್ತಲಿದ್ದವರು ನಕ್ಕರು. ಪೇಶಕಾರ ಅವಳ ಕಡೆ ತಿರುಗಿದ.

"ಉಳ್ಳಾಗಡ್ಡಿ ಹಚ್ಚೀಯೇನು ಅಂತ ಕೇಳಾಕತ್ಯಾರ."

"ಹೌದ್ರಿ," ಎಂದಳು ಚಿಗವ್ವ.

ಅರ್ಜಿ ಅವಳ ಸೆರಗಿನ ಗಂಟಿನಲ್ಲೇ ಉಳಿಯಿತು. ಐದನೆಯ ದಿನ ಖೋಲಿ ಖಾಲಿ ಮಾಡಿದರು. ಗಂಗಾವತಿ ಕಡೆ ಹೊಳೆದಂಡೆಯ ಗದ್ದೆಗಳಲ್ಲಿ ನಾಟಿಯ ಕೂಲಿ ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಆ ಕೈಯಲ್ಲಿ ಹೇಗೆ ನಾಟಿ ಮಾಡುತ್ತೀ ಎಂದು ನಾನು ಕೇಳಲಿಲ್ಲ. ಮುದುಕಿ ಅವಳ ಹೆಗಲು ಹಿಡಿದು ನಡೆಯುತ್ತಿದ್ದಳು. ಗೋಡೆಯ ಹತ್ತಿರ ಬಂದಾಗ ಚಿಗವ್ವ ನನ್ನ ಹೊಟ್ಟೆಯ ಕಡೆ ನೋಡಿ, "ಈ ಸಲ ಭಾರ ಎತ್ತಬ್ಯಾಡ," ಎಂದಳು. ನನಗೇ ಇನ್ನೂ ಖಾತ್ರಿ ಇರಲಿಲ್ಲ. ಅವಳಿಗೆ ಗೊತ್ತಾಗಿತ್ತು.

ಮಗಳು ಹುಟ್ಟಿದಳು. ಆಮೇಲೆ ನಾನು ಬಾಯಿಬಿಟ್ಟಾಗ, ಹರಕೆ ಫಲಿಸಿತು ಎಂದು ಮನೆಯಲ್ಲಿ ಎಲ್ಲರೂ ಅಂದರು. ಮುಂದೆ ಎರಡು ಸಲ ಗಂಗಾವತಿಗೆ ಹೋದಾಗ, ಹೊಳೆ ನಡುವಿನ ವಿರೂಪಾಪುರಗಡ್ಡೆಯವರೆಗೂ ಹೋಗಿ, ಕುರುಡು ಅತ್ತೆಯ ಜೊತೆ ಬಂದ ಹೆಂಗಸನ್ನು ಕಂಡಿರಾ ಎಂದು ಗದ್ದೆಯವರನ್ನು ಕೇಳಿದೆ. ಕಂಡವರಿರಲಿಲ್ಲ... ಸಿಕ್ಕಿದ್ದರೆ ಹೇಳುತ್ತಿದ್ದೆನೋ, ಮತ್ತೆ ಹೂಂ ಎನ್ನುತ್ತಿದ್ದೆನೋ, ಇಂದಿಗೂ ತಿಳಿಯದು.

"ಏನಾತವ್ವಾ? ಯಾಕ ಹಂಗ ಕುಂತಿ?" ಎಂದು ಹೋದ ವಾರ ಮಗಳು ಕೇಳಿದಳು.

"ಏನಿಲ್ಲ. ಒಂದು ಕೊಳತೈತಿ," ಎಂದೆ.

ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಗೋಡೆಯಾಚೆ ಎಸೆದಳು. ಇದನ್ನು ನಾನು ಅವಳಿಗೆ ಎಂದೂ ಹೇಳಿಲ್ಲ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ.