ಆಂಟೆನಾ ಮೇಲಿನ ಶಾವಿಗೆ

ಹಾಂ, ನಿನ್ನೆ ಹೇಳುತ್ತಿದ್ದೆನಲ್ಲ ಗೆಳೆಯರೇ, ಹವ್ಯಾಸಿ ರೇಡಿಯೋದವರ ಸಂಕೇತಗಳನ್ನು ದೂರದೂರಿಗೆ ದಾಟಿಸುವ ಉಪಗ್ರಹ ನಮ್ಮ ಬೈಲಹೊಂಗಲದ ಮೇಲೆ ಹಾಯುವುದು ಹದಿನೈದೇ ನಿಮಿಷ. ಅಷ್ಟರೊಳಗೆ ಒಂದು ಕೈಯಲ್ಲಿ ಮೋರ್ಸ್ ಕೀಲಿ ಬಡಿಯುತ್ತ, ಇನ್ನೊಂದರಲ್ಲಿ ಆಂಟೆನಾದ ಬಿದಿರಿನ ಗಳ ತಿರುಗಿಸುತ್ತ ಅದರ ಬೆನ್ನು ಹತ್ತಬೇಕು. ಟಾರ್ಚಿನ ಬಲ್ಬಿನಷ್ಟೇ ಶಕ್ತಿಯ ನನ್ನ ರೇಡಿಯೋಕ್ಕೆ ತಿಂಗಳಿಂದ ಯಾರೂ ಓಗೊಟ್ಟಿರಲಿಲ್ಲ.

ಇಂದು ಬೆಳಿಗ್ಗೆ ಮಾಳಿಗೆ ಹತ್ತಿದರೆ ಆಂಟೆನಾದ ಅಡ್ಡಕಡ್ಡಿಗಳ ತುಂಬ ಹಸಿ ಶಾವಿಗೆ! ಪಕ್ಕದ ಮನೆಯ ಗಂಗವ್ವ ಒಣಹಾಕಿ ಅಲ್ಲೇ ನಿಂತಿದ್ದಾಳೆ.

“ಗಂಗವ್ವಾ, ಇದು ಸೈಂಟಿಫಿಕ್ ಇನ್‌ಸ್ಟ್ರುಮೆಂಟ್!”

“ಇರ್ಲಿ ಬಿಡ್ರಿ ಮಾಸ್ತರ. ತಿಂಗಳಿಂದ ಸುಮ್ನ ನಿಂತಿತ್ತು, ಈಗರ ಕೆಲಸಕ್ಕ ಬಂತು.”

“ಲಗೂನ ತಗಿಯವ್ವಾ, ಉಪಗ್ರಹ ಬರಾಕತ್ತೈತಿ!”

“ಈಗ ತಗದ್ರ ಎಳಿ ಹರೀತಾವ್ರಿ. ನೀವು ಕಟಕಟ ಬಡೀರಿ, ನಾ ತಿರಗಸತೇನಿ.”

ಒಂದು ಎಳೆಯೂ ಉದುರಬಾರದೆಂದು ಅವಳು ತೊಟ್ಟಿಲು ತೂಗಿದಂತೆ ಗಳ ತಿರುಗಿಸಿದಳು. ನಾನಾದರೆ ಪ್ರತಿಸಲ ಎತ್ತಿನ ಹಗ್ಗದಂತೆ ಜಗ್ಗುತ್ತಿದ್ದೆ. ಹನ್ನೆರಡನೇ ನಿಮಿಷಕ್ಕೆ ಕೊಲಂಬೊದ ಒಬ್ಬರು ಉತ್ತರ ಕೊಟ್ಟರು! ಆಂಟೆನಾ ಎಂಥದೆಂದು ಕೇಳಿದರು. ಶಾವಿಗೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ, ಕಾಲೇಜಿನಲ್ಲಿ ಕಲಿತದ್ದು ನೆನಪಾಗಲಿಲ್ಲ. “ವೆಟ್ ವ್ಹೀಟ್ ಥ್ರೆಡ್” ಎಂದು ಬಡಿದೆ. ಮತ್ತೊಮ್ಮೆ ಹೇಳಿ ಎಂದರು. ಅಷ್ಟರಲ್ಲಿ ಉಪಗ್ರಹ ಮುಳುಗಿತು.

“ಯಾರ್ರೀ ಅವರು? ಊಟಕ್ಕ ಬರ್ತಾರೇನು?” ಎಂದಳು ಗಂಗವ್ವ.

ತೀರಿಹೋದ ನನ್ನಾಕೆಯೂ “ಎಲ್ಲಾನೂ ಜಗ್ಗಬ್ಯಾಡ್ರಿ, ಸಾವಕಾಶ” ಎನ್ನುತ್ತಿದ್ದಳು. ಆ ಮಾತು ಕೇಳಿದ್ದರೆ ಈ ಒಂದು ತಿಂಗಳು ವ್ಯರ್ಥವಾಗುತ್ತಿರಲಿಲ್ಲ.

ಅರೆ, ಬೆಳಕು ಹೋಗುತ್ತಿದೆ. ಹೊತ್ತು ಮುಳುಗುವ ಮೊದಲು ಶಾವಿಗೆ ಇಳಿಸಿಡಿ ಎಂದು ಗಂಗವ್ವನ ಅಪ್ಪಣೆ. ಮೀರುವಂತಿಲ್ಲ, ನಾಳೆಯೂ ಗಳ ಅವಳೇ ತಿರುಗಿಸಬೇಕು.