ಸೊಟ್ಟ ಕಿರುಬೆರಳು

ಷಿಕಾಗೋ ಹತ್ತಿರದ ರಸೀನ್ ಊರಿನ ಡೇನಿಷ್ ಓಣಿಯವರಿಗೆ ಥೋರಾ ಮಿಕ್ಕೆಲ್ಸನ್ ಎಂದರೆ ಬೀಜದ ಪೊಟ್ಟಣಗಳಿಗೆ ಹೂವಿನ ಚಿತ್ರ ಬರೆಯುವ ವಿಧವೆ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಬೆರಳಿಗಂಟಿದ ಗುಲಾಬಿ ಬಣ್ಣದ ಪುಡಿಯನ್ನು ಯಾರಾದರೂ ಕಂಡು ಕೇಳಿದರೆ, "ಹೂವಿಂದು ಕಣ್ರೀ" ಎನ್ನುತ್ತಿದ್ದಳು. ಅದು ಹೂವಿನ ಬಣ್ಣವಲ್ಲ, ಹೆಣ್ಣಿನ ತೊಡೆಯ ಬಣ್ಣ. ಗಂಡ ತೀರಿದ ಮೇಲೆ ಷಿಕಾಗೋದ ಕಂಪನಿಯವರಿಗೆ ಕಾಲುಚೀಲದ ಜಾಹೀರಾತು ಬರೆಯುತ್ತ ಶುರುಮಾಡಿದವಳು, ಎರಡನೇ ಮಹಾಯುದ್ಧದ ಹೊತ್ತಿಗೆ ಕ್ಯಾಲೆಂಡರಿನ ಬೆಡಗಿಯರಿಗೆ ಕೈಹಾಕಿದ್ದಳು. ಗಾಳಿಗೆ ಲಂಗ ಹಾರಿದವಳು, ಏಣಿಯ ಮೇಲೆ ಸಿಕ್ಕಿಕೊಂಡವಳು. ಅವಳ ಹುಡುಗಿಯರು ನೇತಾಡದ ಗ್ಯಾರೇಜಿಲ್ಲ, ಕ್ಷೌರದಂಗಡಿಯಿಲ್ಲ. ಸಹಿ ಮಾತ್ರ ಬರೀ "ಟಿ. ಎಂ." ನಿಜ ಗೊತ್ತಾದರೆ ಚರ್ಚಿನ ಮಕ್ಕಳನ್ನು ಯಾರೂ ಅವಳ ಹತ್ತಿರ ಬಿಡುತ್ತಿರಲಿಲ್ಲ.

ಚಿತ್ರಕ್ಕೆ ಕೂರಲು ಬಂದ ಹುಡುಗಿಯ ಗುರುತು ಸಿಗಬಾರದು, ಇದು ಅವಳ ಕಟ್ಟಳೆ. ಕೂದಲು ಬೇರೆ, ಮೂಗು ಬೇರೆ, ಕಾಲು ಒಂದು ಗೇಣು ಉದ್ದ. ಪಕ್ಕದ ಮನೆಯ ವರ್ನಾ, ಒಂದನೇ ತರಗತಿಯ ಟೀಚರು, ಅಮ್ಮನ ಔಷಧಿಯ ದುಡ್ಡಿಗೆಂದು ಬಂದು ಕೂತಾಗಲೂ ಹಾಗೇ ಮಾಡಿದಳು. ಆದರೆ ಟೋಪಿ ಹಿಡಿದ ಕೈ ವಿಪರೀತ ಚೆನ್ನಾಗಿ ಬಂದುಬಿಟ್ಟಿತು. ಚಿಕ್ಕಂದಿನಲ್ಲಿ ವರ್ನಾ ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿದ್ದು ಮುರಿದುಕೊಂಡ ಆ ಸೊಟ್ಟ ಕಿರುಬೆರಳನ್ನು ನೇರ ಮಾಡಲು ಥೋರಾಳಿಗೆ ಮನಸ್ಸೇ ಬರಲಿಲ್ಲ. ಬರೆಯುವವರ ಜಂಭ, ಇನ್ನೇನು.

ಜನವರಿಯಲ್ಲಿ ವರ್ನಾ ಅಳುತ್ತ ಬಂದಳು.

"ಅತ್ತೆ, ನನ್ ಕ್ಲಾಸಿನ ಮಗು ಒಂದು ನಿಮ್ ಕ್ಯಾಲೆಂಡರ್ ನೋಡಿ 'ನಮ್ ಟೀಚರ್ ಕೈ' ಅಂದ್ಬಿಟ್ಟಿದೆ. ಸಂಜೆ ಸ್ಕೂಲ್ ಕಮಿಟಿ ಕರ್ದಿದೆ. ಕೆಲ್ಸ ಹೋದ್ರೆ ಅಮ್ಮನ ಗತಿ ಏನು?"

"ನೀನು ಬಾಯಿ ಬಿಡ್ಬೇಡ."

ಆ ಹುಡುಗಿಗೆ ಸುಳ್ಳು ಹೇಳಲು ಬಾರದೆಂದು ಥೋರಾಳಿಗೆ ಗೊತ್ತಿತ್ತು. ಕೋಟು ತೊಟ್ಟು ಜೊತೆಗೆ ಶಾಲೆಗೆ ಹೊರಟಳು.

ಕಮಿಟಿಯ ಹಿರಿಯ ಆಕ್ಸೆಲ್ ನೈಗಾರ್ಡ್ ಕಬ್ಬಿಣದಂಗಡಿಯವನು. ಮೇಜಿನ ಮೇಲೆ ಹರಡಿದ್ದ ಕ್ಯಾಲೆಂಡರಿನ ಕೆಳಗೆ ದಪ್ಪಕ್ಷರದಲ್ಲಿ ಅವನದೇ ಅಂಗಡಿಯ ಹೆಸರು. ಗಿರಾಕಿಗಳಿಗೆಲ್ಲ ಹಂಚಿದ್ದೂ ಅವನೇ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅನ್ನುವುದು ಇಂಥವರಿಗೇ.

"ವರ್ನಾ, ಕೈ ಚಾಚಮ್ಮ," ಎಂದ.

ವರ್ನಾಳ ಕೈ ಜೇಬಿನಿಂದ ಹೊರಬರುವಷ್ಟರಲ್ಲಿ ಥೋರಾ ಎದ್ದಳು.

"ಅದನ್ನ ಬರ್ದಿದ್ದು ನಾನು."

ನೈಗಾರ್ಡ್ ಅವಳತ್ತ ತಿರುಗಿದ.

"ನೀವಾ? ಮಕ್ಕಳಿಗೆ ಯೇಸು ಕಥೆ ಹೇಳೋ ನೀವಾ?"

"ಹೂಂ, ನಾನೇ. ನೀವು ಅಂಗಡಿ ಗೋಡೆಗೆ ಹಾಕ್ಕೊಂಡಿದ್ದೀರಲ್ಲ, ಆ ಟಿ. ಎಂ. ನಾನೇ."

"ಹಾಗಾದ್ರೆ ಕೂತಿದ್ದು ಯಾರು?"

"ಯಾರೂ ಕೂರ್ಬೇಕಾಗಿಲ್ಲ," ಎನ್ನುತ್ತ ಅವಳು ಸೀಮೆಸುಣ್ಣ ಎತ್ತಿಕೊಂಡಳು. ಕರಿಹಲಗೆಯ ಮೇಲೆ ಕೈ ಸರಸರ ಓಡಿತು. ಟೋಪಿ, ಸೊಂಟ, ನೀಳ ಕಾಲು, ಸೊಟ್ಟ ಕಿರುಬೆರಳು. ಕೊನೆಗೆ ಮುಖ: ದುಂಡು ಗಲ್ಲ, ಕೆನ್ನೆಯ ಮೇಲೊಂದು ಮಚ್ಚೆ. ಅದು ನೈಗಾರ್ಡನ ಹೆಂಡತಿಯ ಮುಖ!

"ಈಗ ಹೇಳಿ ಆಕ್ಸೆಲ್, ನಿಮ್ಮ ಮನೆಯವ್ರು ನಮ್ಮನೇಗೆ ಬಂದು ಹಿಂಗೆ ಕೂತಿದ್ರಾ?"

ಯಾರೋ ಕಿಸಕ್ಕೆಂದರು. ನೈಗಾರ್ಡ್ ಡಸ್ಟರಿಗೆ ಹಾರಿದ. "ಅಳ್ಸಿ ಅದನ್ನ! ಸಾಕು, ಮೀಟಿಂಗ್ ಮುಗೀತು. ವರ್ನಾ, ನೀನು ನಾಳೆ ಕ್ಲಾಸಿಗೆ ಹೋಗಮ್ಮ."

ವರ್ನಾಳ ಕೆಲಸ ಉಳಿಯಿತು. ಥೋರಾಳ ಭಾನುವಾರದ ಪಾಠ ಆ ವಾರವೇ ನಿಂತಿತು. ಕಾಫಿಗೂ ಕ್ರಿಂಗಲ್ ರೊಟ್ಟಿಗೂ ಬರುತ್ತಿದ್ದ ಹೆಂಗಸರು ಅವಳನ್ನು ಕಂಡರೆ ಬೀದಿಯ ಆ ಬದಿ ಹಿಡಿದರು. ಅದನ್ನು ಅವಳು ನುಂಗಿಕೊಂಡಳು. ಮಕ್ಕಳು ಬಾರದ ಭಾನುವಾರಗಳನ್ನು ನುಂಗಲಾಗಲಿಲ್ಲ.

ಮುಂದಿನ ವರ್ಷದ ಕ್ಯಾಲೆಂಡರಿನ ಹುಡುಗಿ ಎರಡೂ ಕೈಗೆ ಗವಸು ತೊಟ್ಟಿದ್ದಳು. ಮೂಲೆಯಲ್ಲಿ ಮೊದಲ ಸಲ ಪೂರ್ತಿ ಹೆಸರಿತ್ತು: ಥೋರಾ ಮಿಕ್ಕೆಲ್ಸನ್.