ಬಾವಿಯ ಕಡೆಯ ಎರಡು ಕಂಬ

ನಗರಾಡಳಿತದ ಕಚೇರಿಯಲ್ಲಿ ಎಲ್ಲರೂ ಕಟ್ಟಿಸುವವರೇ. ರಸ್ತೆ ಮಾಡಿಸುವವರು, ಗಟಾರ ತೋಡಿಸುವವರು, ಉದ್ಯಾನಕ್ಕೆ ಬೇಲಿ ಹಾಕಿಸಿ ಫೋಟೊಕ್ಕೆ ನಿಲ್ಲುವವರು. ಕಟ್ಟಿದ್ದು ನಿಲ್ಲುತ್ತದೆಯೋ ಇಲ್ಲವೋ ಎಂದು ಹೇಳಬೇಕಾದವರು ಮಾತ್ರ ಒಬ್ಬರೇ, ಸುಶೀಲೇಂದ್ರ ಗಲಗಲಿ. ಕಟ್ಟಡಗಳ ಭದ್ರತೆಯ ಹಿರಿಯ ತಜ್ಞ ಇಂಜಿನಿಯರ್ ಎಂಬ ಅವರ ಹುದ್ದೆಯ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿ ಒಂದು ಸಾಲಿಗೆ ಹಿಡಿಸದೆ ಎರಡಾಗಿತ್ತು. ಕೆಲಸ ಹೇಳಲಿಕ್ಕೆ ಅಷ್ಟುದ್ದ ಬೇಕಿಲ್ಲ. ವಿಜಯಪುರದ ಜನ ಯಾವ ಸೂರನ್ನು, ಯಾವ ಸೇತುವೆಯನ್ನು, ಯಾವ ನೀರಿನ ಟಾಕಿಯನ್ನು ನಂಬಿ ಅಡಿಯಲ್ಲಿ ಓಡಾಡುತ್ತಾರೋ ಅದಕ್ಕೆ ಅವರ ಸಹಿ ಬೇಕು.

ಮಳೆ ನಿಂತ ಮೇಲೆ ಸಾಲೆಗಳ ಸ್ಲ್ಯಾಬು ನೋಡಬೇಕು. ಸಿದ್ಧೇಶ್ವರ ಗುಡಿಯ ಸುತ್ತಲಿನ ಹಳೇ ವಾಡೆ ಮನೆಗಳ ಗೋಡೆ ವಾಲಿದರೆ ಹೋಗಿ ನಿಲ್ಲಬೇಕು; ಅಲ್ಲಿ ಮಾಲೀಕ ಬೀಳುತ್ತದೆ ಎನ್ನುತ್ತಾನೆ, ಬಾಡಿಗೆಯವ ಇನ್ನೂ ನೂರು ವರ್ಷ ಬಾಳುತ್ತದೆ ಎನ್ನುತ್ತಾನೆ, ಇಬ್ಬರೂ ಚಹಾ ಕುಡಿಸಲು ನೋಡುತ್ತಾರೆ. ಬೇರೆಯವರ ನಕ್ಷೆ ತಿದ್ದಬೇಕು, ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲಿ ಕಲಿಸದ ವಿದ್ಯೆ ಕಲಿಸಬೇಕು. ಆ ವಿದ್ಯೆಯಲ್ಲಿ ಮೊದಲಿನದು ಅವರ ಚೀಲದಲ್ಲಿನ ಸಣ್ಣ ಸುತ್ತಿಗೆ. ಗಟ್ಟಿ ಕಾಂಕ್ರೀಟಿಗೆ ಬಡಿದರೆ ಟಣ್ ಎನ್ನುತ್ತದೆ, ಒಳಗೆ ಪದರು ಬಿಟ್ಟುಕೊಂಡಿದ್ದರೆ ಡಬ್ ಎನ್ನುತ್ತದೆ. ತಮ್ಮ ಮದುವೆಯ ಮಂಟಪದ ಕಂಬಕ್ಕೂ ಅವರು ಹೀಗೇ ಬಡಿದು ನೋಡಿದ್ದರಂತೆ ಎಂದು ಗುತ್ತಿಗೆದಾರರು ನಗುತ್ತಿದ್ದರು. ನಕ್ಕರೂ ಅವರೆದುರು ಸಿಮೆಂಟಿನ ವಿಷಯಕ್ಕೆ ಸುಳ್ಳಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡನೆಯ ವಿದ್ಯೆ ಸೈಟ್ ಪುಸ್ತಕ ಬರೆಯುವುದು. ಕಾಂಕ್ರೀಟು ಹಾಕಿದ ದಿನ ಎಷ್ಟು ಚೀಲ ಸಿಮೆಂಟು, ಎಲ್ಲಿಯ ಮರಳು, ಎಲ್ಲಿಯ ನೀರು ಎಂದು ಅಂದೇ ಸಂಜೆ ಅದರಲ್ಲಿ ಬರೆದಿಡಬೇಕು. ಇಲ್ಲಿ ಮಾತ್ರ ಸುಶೀಲೇಂದ್ರ ವಿಪರೀತ ಕಠೋರ. ಒಂದು ಸಾಲು ಅಂದಾಜಿನಿಂದ ಬರೆದಿದ್ದಕ್ಕೆ ಒಬ್ಬ ಹುಡುಗನನ್ನು ಎಲ್ಲರೆದುರು ಅಳುವ ಹಾಗೆ ಬೈದಿದ್ದರು. ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆ ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿವೃತ್ತಿಗೆ ಎರಡು ತಿಂಗಳಿರುವಾಗ, ಮಾರ್ಚಿನಲ್ಲಿ, ಸಹಾಯಕ ಇಂಜಿನಿಯರ್ ಧನಶ್ರೀ ಒಂದು ಫೈಲು ತಂದು ಮೇಜಿನ ಮೇಲಿಟ್ಟಳು.

"ಬಾವಡಿ ಓಣಿ ಟಾಕೀದು ಸರ್. ಹೊರಗಿನ ಕಂಪನಿಯವರ ವರದಿ ಚೊಲೋ ಬಂದದ. ಮುಂದಿನ ಒಂದನೇ ತಾರೀಖಿಂದ ಪೂರ್ತಿ ತುಂಬಸ್ತಾರಂತ. ನಿಮ್ಮ ಸಹಿ ಒಂದ ಬಾಕಿ."

ಎಂಟು ಕಂಬದ ಮೇಲೆ ನಿಂತ ಎತ್ತರದ ಟಾಕಿ ಅದು. ಕಟ್ಟಿ ಮೂವತ್ತು ವರ್ಷ ದಾಟಿದ್ದಕ್ಕೆ ಎರಡು ವರ್ಷದಿಂದ ಅರ್ಧವಷ್ಟೇ ತುಂಬಿಸುತ್ತಿದ್ದರು. ಸುಶೀಲೇಂದ್ರ ಕನ್ನಡಕ ಏರಿಸಿಕೊಂಡು ವರದಿಯ ನಕ್ಷೆ ನೋಡಿದರು. ಎಂಟರಲ್ಲಿ ನಾಲ್ಕು ಕಂಬಗಳನ್ನು ಪರೀಕ್ಷಿಸಿದ್ದರು. ನಾಲ್ಕೂ ರಸ್ತೆಯ ಕಡೆಯವು. ಬಾವಿಯ ಕಡೆ ಕಂಬಕ್ಕೆ ತಾಗಿ ಮನೆಗಳೆದ್ದಿರುವುದರಿಂದ ಯಂತ್ರ ಒಳಗೆ ಹೋಗಲಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು.

"ಫೈಲ್ ಇಲ್ಲೇ ಇರಲಿ," ಎಂದರು.

ಆ ಟಾಕಿಯನ್ನು ಕಟ್ಟಿಸಿದವರು ಅವರೇ. ಸಾವಿರದ ಒಂಬೈನೂರ ತೊಂಬತ್ಮೂರು, ಊರಿಗೆ ಆಗಿನ್ನೂ ಬಿಜಾಪುರವೆಂದೇ ಹೆಸರು, ಸುಶೀಲೇಂದ್ರ ಕಾಯಂ ಆಗದ ಇಪ್ಪತ್ತೆಂಟರ ಸಹಾಯಕ ಇಂಜಿನಿಯರ್. ಮೇ ತಿಂಗಳು. ಓಣಿಗೆ ಕುಡಿಯುವ ನೀರು ಬಂದು ಎಷ್ಟೋ ದಿನವಾಗಿತ್ತು. ಅಂದು ಮುಂಜಾನೆ ಕಾಂಕ್ರೀಟು ಕಲಸಲೆಂದು ಸಿಹಿನೀರಿನ ಟ್ಯಾಂಕರ್ ಬಂದು ನಿಂತದ್ದೇ ತಡ, ಎಲ್ಲಿದ್ದರೋ ಏನೋ, ಐವತ್ತು ಅರವತ್ತು ಹೆಂಗಸರು ಕೊಡ ಹಿಡಿದು ಸುತ್ತುವರಿದರು. ಇದು ಕೆಲಸದ ನೀರು, ಕುಡಿಯಲಿಕ್ಕಲ್ಲ ಎಂದು ಸುಶೀಲೇಂದ್ರ ಹೇಳಿದರು. ಕಂಕುಳಲ್ಲಿ ಕೂಸಿದ್ದ ಒಬ್ಬಳು ಅವರ ಮುಖವನ್ನೇ ನೋಡಿ, "ಯಪ್ಪಾ, ಆ ಕಂಬಕ್ಕೇನ ನೀರಡಿಕಿ ಆಗೈತೇನು?" ಎಂದಳು.

ಅವರು ಪೈಪು ಬಿಡಿಸಿದರು. ಅರ್ಧ ಗಂಟೆಯಲ್ಲಿ ಟ್ಯಾಂಕರ್ ಬರಿದಾಯಿತು.

ಅಲ್ಲಿಗೆ ಕೆಲಸ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕಬ್ಬಿಣ ಕಟ್ಟಿಯಾಗಿತ್ತು, ಸಿಮೆಂಟಿನ ಚೀಲ ಬಿಚ್ಚಿಯಾಗಿತ್ತು, ಆಳುಗಳು ಪುಟ್ಟಿ ಹಿಡಿದು ನಿಂತಿದ್ದರು, ಮೇಲಿನವರು ಸಂಜೆಯೊಳಗೆ ಮುಗಿಯಬೇಕೆಂದು ಗದರಿದ್ದರು. ಇಪ್ಪತ್ತು ಹೆಜ್ಜೆಯಲ್ಲಿ ಹಳೆಯ ಬಾವಿ. ಬೇಳೆ ಬೇಯದ, ಸಬಕಾರ ನೊರೆಯೇಳದ ಉಪ್ಪುನೀರಿನ ಬಾವಿ. ಸುಶೀಲೇಂದ್ರ ಮೇಸ್ತ್ರಿ ಚಮನಸಾಬನ ಕಡೆ ತಿರುಗಿ, "ಬಾವೀ ನೀರ ತಗೋರಿ," ಎಂದರು. ಎರಡು ಕಂಬದ ಬುಡ ಆ ನೀರಿನಿಂದ ಎದ್ದಿತು. ಸಂಜೆ ಸೈಟ್ ಪುಸ್ತಕದಲ್ಲಿ ನೀರಿನ ಸಾಲಿನೆದುರು 'ಟ್ಯಾಂಕರ್' ಎಂದು ಬರೆದರು. ಬಾವಿ ಎಂದು ಬರೆದರೆ ಟ್ಯಾಂಕರ್ ಎಲ್ಲಿ ಹೋಯಿತೆಂದು ಕೇಳುತ್ತಾರೆ, ಕೇಳಿದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ.

ಉಪ್ಪು ನೀರು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಇಂದಲ್ಲ, ನಾಳೆಯಲ್ಲ, ಇಪ್ಪತ್ತು ಮೂವತ್ತು ವರ್ಷಕ್ಕೆ. ಆಮೇಲೆ ಒಡೆಸಿ ಹೊಸದಾಗಿ ಹಾಕಿಸೋಣವೆಂದುಕೊಂಡರು. ಮೇಲೆ ಸ್ಲ್ಯಾಬು ಬಂತು, ಉದ್ಘಾಟನೆ ಬಂತು, ಬೇರೆ ಊರಿಗೆ ವರ್ಗವೂ ಬಂತು. ಮರಳಿ ಬಂದ ಮೇಲೆ ಎಷ್ಟೋ ವರ್ಷ ಆ ದಾರಿಯಲ್ಲಿ ಹೋದಾಗಲೆಲ್ಲ ಇಳಿದು ಸುತ್ತಿಗೆಯಿಂದ ಬಡಿದು ಕೇಳುತ್ತಿದ್ದರು. ಪ್ರತಿ ಸಲವೂ ಟಣ್. ಕೊನೆಗೆ ಕಂಬದ ಬುಡಕ್ಕೆ ತಗಡಿನ ಮನೆಗಳೆದ್ದು ಹತ್ತಿರ ಹೋಗಲು ದಾರಿಯೇ ಉಳಿಯದಾದಾಗ ಒಳಗೊಳಗೇ ಸಮಾಧಾನಪಟ್ಟರು. ಅದನ್ನೇಕೆ ಮುಚ್ಚಿಡಬೇಕು, ಮನುಷ್ಯ ಇರುವುದೇ ಹೀಗೆ.

ಫೈಲು ಬಂದ ಮರುದಿನ ಸುಶೀಲೇಂದ್ರ ಟಿಕೋಟಾ ದಾಟಿ ಹೊನವಾಡಕ್ಕೆ ಬಸ್ಸಿನಲ್ಲಿ ಹೋದರು. ಯಾವ ಎರಡು ಕಂಬ ಎಂಬುದು ಸ್ವಲ್ಪವೂ ತಪ್ಪಬಾರದಿತ್ತು, ಅದನ್ನು ಬಲ್ಲ ಇನ್ನೊಬ್ಬನೆಂದರೆ ಚಮನಸಾಬ. ಎಪ್ಪತ್ತೈದು ದಾಟಿದ ಮುದುಕ ದ್ರಾಕ್ಷಿ ಒಣಗಿಸುವ ಶೆಡ್ಡಿನ ನೆರಳಲ್ಲಿ ಕೂತಿದ್ದ. ಕೇಳುತ್ತಲೇ ಬೆರಳಿನಿಂದ ಮಣ್ಣಿನಲ್ಲಿ ಎಂಟು ಚುಕ್ಕೆ ಇಟ್ಟು, ಎರಡನ್ನು ಒತ್ತಿ ತೋರಿಸಿದ.

"ಬಾವಿ ಕಡೀನ್ವ ಇವೆರಡ. ಆಳೆತ್ತರ ಹಾಕಿದ್ವಿ. ಆದ್ರ ಈಗ್ಯಾಕ ಕೆದಕತೀರಿ ಸಾಹೇಬ್ರ? ಮೂವತ್ತ ವರ್ಷ ನಿಂತೈತಿ. ಇನ್ನೆರಡ ತಿಂಗಳಾತಂದ್ರ ನೀವು ಹಾರ ಹಾಕ್ಕೊಂಡ ಮನಿಗಿ ಹೋಗವ್ರು."

"ಬಿದ್ದರ?"

ಚಮನಸಾಬ ಮಣ್ಣಿನಲ್ಲಿಯ ಆ ಎರಡು ಚುಕ್ಕೆಗಳನ್ನು ನೋಡಿದ. "ಹಂಗಂದ್ರ ನನ್ನ ಹೆಸರೂ ಬರೀರಿ," ಎಂದ. "ಕಲಸಿದಾಂವ ನಾನ."

"ಕಲಸು ಅಂದಾಂವ ನಾನು," ಎಂದು ಸುಶೀಲೇಂದ್ರ ಎದ್ದರು.

ಬಸ್ಸಿನಲ್ಲಿ ಕೂತು ಅವರು ಉಳಿದ ದಾರಿಗಳನ್ನೆಲ್ಲ ಹುಡುಕಿದರು. ಆ ಎರಡು ಕಂಬಗಳಿಗೂ ಪರೀಕ್ಷೆಯಾಗಲಿ ಎಂದಷ್ಟೇ ಬರೆದರೆ ಅದಕ್ಕೆ ಮಂಜೂರಾತಿ, ಟೆಂಡರು, ಯಂತ್ರ ಎಂದು ನಾಲ್ಕು ತಿಂಗಳು. ಅಷ್ಟರಲ್ಲಿ ತಾವು ನಿವೃತ್ತರಾಗಿ, ಮುಂದೆ ಬರುವವರು ಹೊರಗಿನ ವರದಿ ನಂಬಿ ಸಹಿ ಹಾಕಿ, ಟಾಕಿ ಬಾಯಿತನಕ ತುಂಬಿರುತ್ತದೆ. ಕಬ್ಬಿಣ ತುಕ್ಕು ಹಿಡಿದಿದ್ದರೆ ಈಗಿನ ಅರ್ಧ ನೀರಿಗೂ ಭರವಸೆಯಿಲ್ಲ. ಬೇಸಿಗೆಯಲ್ಲಿ ಒಂದು ಇಡೀ ವಾರ್ಡಿನ ನೀರನ್ನು ಇವತ್ತೇ ನಿಲ್ಲಿಸಬೇಕೆಂದರೆ ತಜ್ಞ ಇಂಜಿನಿಯರ್ ಖಚಿತ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಖಚಿತ ಕಾರಣ ಒಂದೇ ಇತ್ತು. ಅದನ್ನು ಬರೆದರೆ ಮೂವತ್ತೈದು ವರ್ಷದ ಹೆಸರು ಮಣ್ಣುಪಾಲು. ಬರೆಯದಿದ್ದರೆ ಟಾಕಿಯ ಕೆಳಗೆ ಒಂಬತ್ತು ಮನೆಗಳಿದ್ದವು.

ಕಚೇರಿಗೆ ಬಂದು ಬರೆದರು. ಕೊನೆಯ ಪ್ಯಾರಾ ಹೀಗಿತ್ತು: 'ಸದರಿ ಎರಡು ಕಂಬಗಳಿಗೆ ಉಪ್ಪುನೀರು ಬಳಸಲಾಗಿದೆ. ಬಳಸಲು ಹೇಳಿದವನು ನಾನು. ಸೈಟ್ ಪುಸ್ತಕದಲ್ಲಿ ಟ್ಯಾಂಕರ್ ಎಂದು ಬರೆದದ್ದು ಸುಳ್ಳು. ಬರೆದವನೂ ನಾನೇ. ಟಾಕಿಯನ್ನು ಈ ದಿನವೇ ಖಾಲಿ ಮಾಡತಕ್ಕದ್ದು.' ಬೆರಳಚ್ಚು ಮಾಡಲು ಧನಶ್ರೀಗೆ ಕೊಟ್ಟರು. ಅವಳು ಓದಿ ತಲೆ ಎತ್ತಲಿಲ್ಲ. ಸೈಟ್ ಪುಸ್ತಕಕ್ಕಾಗಿ ಅವಳೂ ಅವರಿಂದ ಬೈಸಿಕೊಂಡವಳೇ.

ಆಯುಕ್ತರು ಎರಡು ಸಲ ಓದಿದರು. ದಕ್ಷಿಣದ ಕಡೆಯವರು, ಸುಶೀಲೇಂದ್ರ ಅವರ ಮೇಲೆ ಗೌರವವಿದ್ದವರು.

"ಈ ಕೊನೆ ಪ್ಯಾರಾ ಬೇಕೇ ಬೇಕಾ ಸಾರ್? ಟಾಕಿಗೆ ವಯಸ್ಸಾಗಿದೆ ಅಂತ ಬರೆದರೆ ಆಗಲ್ವಾ?"

"ವಯಸ್ಸಾದ ಟಾಕಿ ಊರಾಗ ಇನ್ನೂ ಆರು ಅವ ಸರ್. ಅವನ್ನ ಯಾರೂ ಇವತ್ತ ಖಾಲಿ ಮಾಡೂದಿಲ್ಲ."

ಆಯುಕ್ತರು ಸಹಿ ಹಾಕಿದರು. ಅಂದು ಮಧ್ಯಾಹ್ನವೇ ಟಾಕಿ ಬರಿದಾಯಿತು. ಮೂರನೆಯ ದಿನ ಒಂದು ಮನೆಯ ಗೋಡೆ ಬಿಚ್ಚಿಸಿ ಕಂಬದ ಬುಡ ಕೆತ್ತಿಸಿದರು. ಹೆಬ್ಬೆರಳು ದಪ್ಪದ ಕಬ್ಬಿಣ ಪೆನ್ಸಿಲಿನಷ್ಟಾಗಿತ್ತು, ಮುಟ್ಟಿದರೆ ಪದರು ಪದರಾಗಿ ಉದುರುತ್ತಿತ್ತು. ಪೂರ್ತಿ ತುಂಬಿಸಿದ್ದರೆ ಒಂದು ವಾರವೂ ತಡೆಯುತ್ತಿರಲಿಲ್ಲವೆಂದು ಲೆಕ್ಕ ಮಾಡದೆಯೇ ಹೇಳಬಹುದಿತ್ತು. ಸುಶೀಲೇಂದ್ರ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

ಟಾಕಿಯನ್ನು ಕೆಡವಬೇಕೆಂದಾಯಿತು. ಸುಶೀಲೇಂದ್ರ ಅವರಿಗೆ ಕಾರಣ ಕೇಳುವ ನೋಟಿಸು ಬಂತು, ವಿಚಾರಣೆ ಶುರುವಾಯಿತು, ಬೀಳ್ಕೊಡುಗೆಗೆ ಗೊತ್ತು ಮಾಡಿದ್ದ ಸಭಾಭವನ ರದ್ದಾಯಿತು. ಹೆಂಡತಿ ಮೃಣಾಲ ಎಲ್ಲವನ್ನೂ ಕೇಳಿ, "ಮೂವತ್ತ ವರ್ಷ ನನಗೂ ಹೇಳ್ಲಿಲ್ಲಲ್ರಿ," ಎಂದಳು. ಅವರಿಗೆ ನೋಟಿಸಿಗಿಂತ ಅದೇ ಹೆಚ್ಚು ನಾಟಿತು.

ಒಂಬತ್ತು ಮನೆಗಳವರು ಟಾಕಿ ಇಳಿಸುವವರೆಗೆ ಸಾಲೆಯ ಕಟ್ಟಡದಲ್ಲಿ ಇರಬೇಕಾಗಿತ್ತು. ಅದನ್ನು ಹೇಳಲು ಧನಶ್ರೀ ಹೊರಟಾಗ, ಬೇಡವೆಂದರೂ ಕೇಳದೆ ಸುಶೀಲೇಂದ್ರ ಜೊತೆಗೆ ನಡೆದರು. ಕಂಬಕ್ಕೆ ಬೆನ್ನು ಹಚ್ಚಿದ್ದ ಮನೆ ಸೋನಾಬಾಯಿಯದು. ಮಮದಾಪುರದಿಂದ ಗಂಡನ ಜೊತೆ ಕೂಲಿಗೆಂದು ಬಂದು ಇಲ್ಲೇ ಉಳಿದವಳು. ಗಂಡ ಭಾಗಪ್ಪ ತೀರಿಹೋಗಿ ನಾಲ್ಕು ವರ್ಷ. ಸುದ್ದಿ ಮೊದಲೇ ತಲುಪಿ ಅವಳು ಹೊಸ್ತಿಲಲ್ಲಿ ಟ್ರಂಕು ಇಟ್ಟುಕೊಂಡು ಕೂತಿದ್ದಳು, ಮುಖ ಗಂಟಿಕ್ಕಿತ್ತು.

"ನಿಮ್ಮನ್ನ ಇಲ್ಲಿಂದ ಎಬ್ಬಸಲಿಕ್ಕೆ ನಾನ ಕಾರಣ, ಸೋನಾಬಾಯಿ," ಎಂದರು ಸುಶೀಲೇಂದ್ರ. "ಈ ಕಂಬಕ್ಕ ಉಪ್ಪನೀರ ಹಾಕಿಸಿದಾಂವ ನಾನು. ಸಿಹಿನೀರ ಮಂದಿಗೆ ಬಿಟ್ಟಿದ್ದೆ."

"ಗೊತ್ತೈತಿ," ಎಂದಳು ಅವಳು. "ಬಾವ್ಯಾಗಿಂದ ಆ ನೀರ ಹೊತ್ತ ಹಾಕಿದಾಕಿ ನಾನ. ಭಾಗಪ್ಪ ಸಲಿಕಿ ಹಿಡದಿದ್ದ. ಸಿಹಿನೀರ ನಮ್ಮ ಮನಿಗೂ ಎರಡ ಕೊಡಾ ಬಂದಿದ್ವು."

ಸುಶೀಲೇಂದ್ರ ಕಂಬದ ಕಡೆ ನೋಡಿದರು. "ಗೊತ್ತಿದ್ದೂ ಇದರ ಬುಡಕ್ಕ ಮನಿ ಕಟ್ಟಿದ್ರಿ?"

"ಉಪ್ಪನೀರ ಅಂತ ಗೊತ್ತಿತ್ತು. ಉಪ್ಪು ಒಳಗಿನ ಕಬ್ಬಿಣಾ ತಿಂತೈತಿ ಅಂತ ನಮಗೇನ ಗೊತ್ತು? ಅದು ನಿಮಗ ಗೊತ್ತಿತ್ತು."

ಧನಶ್ರೀ ಏನೋ ಹೇಳಲು ಬಾಯಿ ತೆರೆದಳು. ಸುಶೀಲೇಂದ್ರ ಕೈಯೆತ್ತಿ ತಡೆದರು.

"ನೀರ ಕೊಟ್ಟಿದ್ದು ತಪ್ಪಂತ ನಾ ಅನ್ನಂಗಿಲ್ರಿ," ಸೋನಾಬಾಯಿಯ ದನಿ ಇಳಿದಿತ್ತು. "ಅವತ್ತ ನೀರ ಕೊಡದಿದ್ರ ಓಣ್ಯಾಗ ಕೂಸುಗೋಳು ಸಾಯತಿದ್ವು. ಆದ್ರ ಮರದಿವ್ಸ ಬಂದು, ಹಿಂಗ ಆಗೈತಿ, ಒಡದ ಮತ್ತ ಹಾಕಬೇಕು ಅಂತ ಒಂದ ಮಾತ ನಮಗ ಹೇಳಬೇಕಿತ್ತಿಲ್ರಿ? ಹಸೀ ಕಂಬ, ಎಷ್ಟೊತ್ತಿನ ಕೆಲಸಾ? ಕೂಲಿ ಬ್ಯಾಡಂತಿದ್ವಿ. ನೀರ ಕುಡದಿದ್ವಲ್ಲ ನಾವು."

ಮೂವತ್ತೆರಡು ವರ್ಷಗಳಲ್ಲಿ ಆ ದಿನದ ಬಗ್ಗೆ ಸುಶೀಲೇಂದ್ರ ಎಲ್ಲ ಯೋಚಿಸಿದ್ದರು. ಮೇಲಿನವರಿಗೆ ಹೇಳಬಹುದಿತ್ತೆಂದು, ರಾಜೀನಾಮೆ ಕೊಡಬಹುದಿತ್ತೆಂದು, ಪೈಪು ಬಿಡಬಾರದಿತ್ತೆಂದು ಕೂಡ. ನೀರು ಕುಡಿದ ಜನರನ್ನೇ ಕರೆದು ಹೇಳಬಹುದಿತ್ತು ಎಂಬುದು ಮಾತ್ರ ಒಮ್ಮೆಯೂ ಅವರ ತಲೆಗೆ ಬಂದಿರಲಿಲ್ಲ. ಅವರು ಅಳತೊಡಗಿದರು. ಧನಶ್ರೀ ಪಕ್ಕದಲ್ಲಿದ್ದಾಳೆಂದು ಮುಖ ತಿರುಗಿಸಲಿಲ್ಲ.

ಸೋನಾಬಾಯಿ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಳು ನಿಂತ ಮೇಲೆ ಮೊಣಕಾಲು ಹಿಡಿದುಕೊಂಡು ಎದ್ದಳು.

"ಆತು, ನಡೀರಿ," ಎಂದಳು. "ಈ ಟ್ರಂಕ ಒಬ್ಬಾಕಿಗೆ ಏಳೂದಿಲ್ಲ."

ಸುಶೀಲೇಂದ್ರ ಒಂದು ಕಡೆಯ ಹಿಡಿಕೆ ಹಿಡಿದರು, ಅವಳು ಇನ್ನೊಂದು ಹಿಡಿದಳು, ಇಬ್ಬರೂ ಸಾಲೆಯ ಕಡೆ ನಡೆದರು.